ಕಾಯಿಯೊಳಗಿನ ಹುಳುವಿಗೆ ಔಷಧಿ ತಾಗಲ್ಲ

ಚಿಂತಾಮಣಿ ಕಡೆ ನಮ್ಮದು ಒಂದೂವರೆ ಎಕರೆ ಕೆಮ್ಮಣ್ಣು. ಟೊಮೆಟೊ ಜೊತೆ ಅರ್ಧ ಎಕರೆ ಬದನೆ ಇದ್ದೇ ಇರುತ್ತೆ. ಬದನೆಯ ಕುಡಿಯನ್ನೂ ಕಾಯಿಯನ್ನೂ ಕೊರೆಯುವ ಕೊರಕ ಹುಳು ಸಾಯಲಿ ಅಂತ ಮೊದಲ ಮೂರು ಬೆಳೆಗೆ ವಾರಕ್ಕೆರಡು ಸಲ ಔಷಧಿ ಹೊಡೆದೆ. ಅಂಗಡಿಯವರು ಹೇಳಿದಂತೆ ಎರಡು ಬಾಟಲಿ ಬೆರೆಸಿ ಹೊಡೆದದ್ದೂ ಉಂಟು. ಆದರೂ ಹತ್ತು ಕ್ರೇಟು ಕಿತ್ತರೆ ನಾಲ್ಕು ಹುಳುಕು, ಮಂಡಿಯಲ್ಲಿ ಪಕ್ಕಕ್ಕೆ ಸುರಿಸುತ್ತಿದ್ದರು. ಔಷಧಿ ಹೊಡೆದ ವಾರದ ಕಾಯಿಯನ್ನು ನನ್ನ ಹೆಂಡತಿ ಮನೆಯೊಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಅದನ್ನೇ ಊರಿಗೆಲ್ಲ ಮಾರುತ್ತಿದ್ದೆವು. ಆ ಸಂಕಟ ಇನ್ನೂ ಹೋಗಿಲ್ಲ.

ಈ ಕೊರಕದ ಮರಿ ಮೊಟ್ಟೆಯೊಡೆದು ಬಂದ ಸ್ವಲ್ಪ ಹೊತ್ತಿಗೇ ಕುಡಿಯನ್ನೋ ಕಾಯಿಯನ್ನೋ ಕೊರೆದು ಒಳಗೆ ಸೇರುತ್ತೆ, ತೂತನ್ನು ತನ್ನ ಹಿಕ್ಕೆಯಿಂದಲೇ ಮುಚ್ಚಿಕೊಳ್ಳುತ್ತೆ. ಮೇಲೆ ಎಷ್ಟು ಹೊಡೆದರೇನು?

ಬಿಟಿ ಬದನೆ ನನಗೆ ಅರ್ಥವಾಗಿದ್ದು ಇಲ್ಲಿಂದ. ಬಿಟಿ ಅನ್ನೋದು ಮಣ್ಣಿನ ಒಂದು ಬ್ಯಾಕ್ಟೀರಿಯಾದ ಚಿಕ್ಕ ಹೆಸರು. ಅದರ ಜೀನನ್ನು ಗಿಡಕ್ಕೆ ಸೇರಿಸಿದರೆ ಹುಳುವಿನ ಕರುಳು ಕೆಡಿಸುವ ಪ್ರೋಟೀನು ಗಿಡದೊಳಗೇ ತಯಾರಾಗುತ್ತೆ. ಕೊರೆದು ತಿಂದ ಮರಿ ಸಾಯುತ್ತೆ. 2009ರ ಅಕ್ಟೋಬರಿನಲ್ಲಿ ಕೇಂದ್ರದ ಸಮಿತಿ ಇದಕ್ಕೆ ಒಪ್ಪಿಗೆ ಕೊಟ್ಟಿತು, 2010ರ ಫೆಬ್ರವರಿಯಲ್ಲಿ ಸರ್ಕಾರ ತಡೆಹಿಡಿಯಿತು. ಧಾರವಾಡದ ಕೃಷಿ ವಿಶ್ವವಿದ್ಯಾಲಯ ನಾಟಿ ತಳಿಗಳಿಗೇ ಆ ಜೀನು ಸೇರಿಸಿತ್ತು. ಬಾಂಗ್ಲಾದೇಶದ ರೈತರು 2014ರಿಂದ ಬೆಳೆಯುತ್ತಿದ್ದಾರೆ. ಅಲ್ಲಿಯದು ಹೈಬ್ರಿಡ್ ಅಲ್ಲ, ಬೀಜ ತೆಗೆದಿಟ್ಟುಕೊಳ್ಳಬಹುದಾದ ತಳಿ.

ಅದು ಬರಲಿ ಅಂತ ಕಾಯುತ್ತ ಕೂರೋಕಾಗುತ್ತಾ? ನಾಲ್ಕನೇ ಬೆಳೆಗೆ ದಾರಿ ಬದಲಿಸಿದೆ. ನಾಟಿ ಮಾಡುವಾಗಲೇ ಎಕರೆಗೆ 100 ಕೆಜಿ ಲೆಕ್ಕದಲ್ಲಿ ಬೇವಿನ ಹಿಂಡಿ ಹಾಕಿದೆ. ಅರ್ಧ ಎಕರೆಗೆ ಎಂಟು ಮೋಹಕ ಬಲೆ ನೆಟ್ಟೆ. ಅದರೊಳಗಿನ ಮೋಹಕವನ್ನು ಗಂಡು ಚಿಟ್ಟೆ ಹೆಣ್ಣಿನ ವಾಸನೆ ಅಂದುಕೊಂಡು ಬಂದು ಬೀಳುತ್ತೆ. ಅದಕ್ಕಿಂತ ಹೆಚ್ಚು ಫಲ ಕೊಟ್ಟಿದ್ದು ಕುಡಿ ಚಿವುಟೋದು. ಬಿಸಿಲೇರುವ ಮುಂಚೆ ಸಾಲು ಹಿಡಿದು ಹೋದರೆ ಬಾಡಿ ಜೋತುಬಿದ್ದ ಸುಳಿ ಕಾಣುತ್ತೆ, ಒಳಗೆ ಹುಳು ಇದ್ದೇ ಇರುತ್ತೆ. ಎರಡು ಬೆರಳು ಕೆಳಗೆ ಚಿವುಟಿ ಚೀಲಕ್ಕೆ ಹಾಕಬೇಕು. ಮೊದಲು ಬದುವಿನ ಮೇಲೆ ಬಿಸಾಡುತ್ತಿದ್ದೆ; ಹುಳು ಅಲ್ಲೇ ಕಸದಲ್ಲಿ ಕೋಶ ಕಟ್ಟಿ ಚಿಟ್ಟೆಯಾಗಿ ವಾಪಸ್ ಬಂತು. ಈಗ ಸುಡುತ್ತೇನೆ.

ಪಕ್ಕದ ತೋಟದವರು ಹಳೇ ಬದನೆ ಗಿಡ ಕೀಳದೆ ಬಿಟ್ಟಿದ್ದಕ್ಕೆ ಅಲ್ಲಿಂದ ಚಿಟ್ಟೆ ಬಂದು ಮೊದಲ ವರ್ಷ ಅರ್ಧ ಶ್ರಮ ವ್ಯರ್ಥವಾಯಿತು. ಮಾತಾಡಿ ಒಪ್ಪಿಸಿದ ಮೇಲೆ ಹುಳುಕು ಹತ್ತಕ್ಕೆ ಒಂದು ಕ್ರೇಟಿಗೆ ಇಳಿಯಿತು. ಔಷಧಿ ಇಡೀ ಬೆಳೆಗೆ ಮೂರೋ ನಾಲ್ಕೋ ಸಲ, ಅಷ್ಟೇ.

ಕೂಲಿ ಮಾತ್ರ ಹೆಚ್ಚು. ಮನೆಯಲ್ಲಿ ಕೈ ಕಡಿಮೆ ಇರುವವರಿಗೆ ಇದು ಆಗದ ಕೆಲಸ, ಅಂಥವರಿಗೆ ಬಿಟಿ ಬೀಜ ಸಿಗಬೇಕು ಅಂತಲೇ ನನ್ನ ವಾದ. ಹಸಿದವರ ತಟ್ಟೆಗೆ ಹೋಗಬೇಕಾದ ಕಾಯಿ ಮಂಡಿಯ ಕಸಕ್ಕೆ ಹೋಗಬಾರದು. ಆದರೆ ಬಿಟಿ ಹತ್ತಿಯಲ್ಲಿ ಆದದ್ದು ಮರೆಯಬಾರದು. 450 ಗ್ರಾಂ ಬಿಟಿ ಬೀಜದ ಜೊತೆ 120 ಗ್ರಾಂ ಸಾದಾ ಬೀಜ ಸುತ್ತ ಬಿತ್ತೋಕೆ ಅಂತಲೇ ಕೊಟ್ಟರೂ ಬಹಳ ಜನ ಬಿತ್ತಲಿಲ್ಲ. ಸಾದಾ ಗಿಡದಲ್ಲಿ ಬೆಳೆದ ಚಿಟ್ಟೆಗಳು ಸಾಕಷ್ಟು ಇಲ್ಲದಿದ್ದರೆ ಬಿಟಿ ಪ್ರೋಟೀನನ್ನು ತಡೆದುಕೊಂಡ ಹುಳುಗಳೇ ತಮ್ಮತಮ್ಮಲ್ಲಿ ಕೂಡಿ ಹೆಚ್ಚುತ್ತವೆ. ಗುಲಾಬಿ ಕಾಯಿಕೊರಕ ಈಗ ಬಿಟಿ ಹತ್ತಿಯನ್ನೂ ತಿನ್ನುತ್ತಿದೆ. ಬದನೆಗೆ ಬಿಟಿ ಬಂದರೂ ನಾನು ಸುತ್ತ ಸಾದಾ ಸಾಲು ಬಿಡುತ್ತೇನೆ, ಕುಡಿ ಚಿವುಟೋದನ್ನೂ ನಿಲ್ಲಿಸಲ್ಲ.

ಬಲೆ ಹಾಕುವವರಿಗೆ ಒಂದು ಮಾತು: ತಿಂಗಳಿಗೊಮ್ಮೆ ಮೋಹಕ ಬದಲಿಸಿ. ಬಲೆಯನ್ನು ಗಿಡದ ತುದಿಯ ಮಟ್ಟಕ್ಕೇ ಕಟ್ಟಿ, ಗಿಡ ಬೆಳೆದಂತೆ ಮೇಲಕ್ಕೇರಿಸಿ.