ಹೆರಿಗೆ ಆದ ಮೇಲೆ ವಂಕಿ ಹಾಕಿಸಿಕೊಂಡಿದ್ದೀರಾ? ಮುಟ್ಟಿನ ಲೆಕ್ಕ ಹೀಗಿಡಿ

ಮಗಳು ಹುಟ್ಟಿ ಐದು ತಿಂಗಳು ಕಳೆದಿತ್ತು. ಮತ್ತೆ ಬಸುರಾಗದ ಹಾಗೆ ಗರ್ಭಕೋಶದೊಳಗೆ ಕೂರಿಸುವ ಪುಟ್ಟ ಸಾಧನ, ಅದೇ ವಂಕಿ, ಹೆರಿಗೆಯಾದಾಗಲೇ ಹಾಕಿಸಿಕೊಂಡಿದ್ದೆ. ರಾತ್ರಿ ಎರಡೂವರೆಗೆ ಅವಳಿಗೆ ಹಾಲು ಕೊಟ್ಟು ಎದ್ದರೆ, ಹಾಸಿಗೆ ಮೇಲೆ ಅಂಗೈ ಅಗಲದ ಕಲೆ. ಬೆಳಗಾಗುವಷ್ಟರಲ್ಲಿ ಮೂರು ಪ್ಯಾಡ್ ಮುಗಿದಿದ್ದವು. ಆ ಸಲ ಎಂಟು ದಿನ ಹೋಯಿತು. ಹೆರಿಗೆಗೆ ಮುಂಚೆ ನನ್ನದು ನಾಲ್ಕೇ ದಿನದ ಮುಟ್ಟು. ಈ ವಂಕಿಯ ಸಹವಾಸವೇ ಸಾಕು, ನಾಳೆಯೇ ತೆಗೆಸಿಬಿಡುತ್ತೇನೆ ಅಂತ ಗಂಡನಿಗೆ ಹೇಳಿಯೂ ಬಿಟ್ಟೆ.

ತೆಗೆಸಲಿಲ್ಲ. ಈಗ ನಾಲ್ಕನೇ ವರ್ಷ ನಡೆಯುತ್ತಿದೆ.

ನನಗೆ ಹೆರಿಗೆ ಟೇಬಲ್ ಮೇಲೆಯೇ ಕಾಪರ್ ಟಿ ಹಾಕಿದ್ದರು. ಒಪ್ಪಿಗೆ ಕೇಳಿದ್ದರು, ನಾನೂ ಹೂಂ ಅಂದಿದ್ದೆ. ಆದರೆ ಡಿಸ್ಚಾರ್ಜ್ ಚೀಟಿಯಲ್ಲಿ ಇದ್ದದ್ದು ಒಂದೇ ಸಾಲು: ವಂಕಿ ಹಾಕಿದೆ, ಆರು ವಾರಕ್ಕೆ ತೋರಿಸಿ. ಮುಟ್ಟು ಹೇಗೆ ಬರುತ್ತದೆ, ಎಷ್ಟು ಹೋದರೆ ಜಾಸ್ತಿ, ಯಾವುದಕ್ಕೆ ಹೆದರಬೇಕು, ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ ಬಿಡಿ. ನಿದ್ದೆಗೆಟ್ಟ ಬಾಣಂತಿಗೆ ಏನು ಕೇಳಬೇಕು ಅಂತ ಹೊಳೆಯುವುದಾದರೂ ಹೇಗೆ? ಆಮೇಲೆ ಬೇರೆ ಡಾಕ್ಟರ ಎದುರು ಕೂತು ಕೇಳಿ ತಿಳಿದದ್ದು, ಗೋಡೆ ಕ್ಯಾಲೆಂಡರ್ ಮೇಲೆ ನಾನೇ ಗುರುತು ಹಾಕಿಕೊಂಡದ್ದು, ಎರಡನ್ನೂ ಸೇರಿಸಿ ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ, ಅದು ನೆನಪಿರಲಿ.

ನಿಮ್ಮ ಒಳಗಿರುವುದು ಯಾವುದು?

ಮೊದಲು ಇದನ್ನು ಖಚಿತ ಮಾಡಿಕೊಳ್ಳಿ. ವಂಕಿಯಲ್ಲಿ ಎರಡು ಜಾತಿ. ನೋಡಲು ಎರಡೂ 'ಟಿ' ಅಕ್ಷರದ ಹಾಗೇ ಇರುತ್ತವೆ, ಆದರೆ ಮುಟ್ಟಿನ ವಿಷಯದಲ್ಲಿ ಒಂದು ಪೂರ್ವಕ್ಕೆ ಎಳೆದರೆ ಇನ್ನೊಂದು ಪಶ್ಚಿಮಕ್ಕೆ.

ಕಾಪರ್ ಟಿ ಒಳಗೆ ಹಾರ್ಮೋನ್ ಇಲ್ಲ. ಹೆಚ್ಚಾಗಿ ಹಾಕುವುದು 380ಎ ಅನ್ನುವುದನ್ನು. ಅದರ ಮೇಲೆ 380 ಚದರ ಮಿಲಿಮೀಟರ್‌ನಷ್ಟು ತಾಮ್ರ ಇರುತ್ತದೆ, 10 ವರ್ಷ ಕೆಲಸ ಮಾಡುತ್ತದೆ. ತಾಮ್ರ ವೀರ್ಯಾಣುಗಳನ್ನು ಕೆಲಸಕ್ಕೆ ಬಾರದ ಹಾಗೆ ಮಾಡುತ್ತದೆ. ಜೊತೆಗೆ ಗರ್ಭಕೋಶದ ಒಳಪದರವನ್ನೂ ಸ್ವಲ್ಪ ಕೆರಳಿಸುತ್ತದೆ. ಅದಕ್ಕೇ ರಕ್ತ ಜಾಸ್ತಿ, ಕಿಬ್ಬೊಟ್ಟೆ ಹಿಂಡಿದ ಹಾಗೆ ನೋವೂ ಜಾಸ್ತಿ. ಆದರೆ ಅಂಡಾಶಯದ ತಂಟೆಗೆ ಅದು ಹೋಗುವುದಿಲ್ಲ. ಮುಟ್ಟಿನ ತಾರೀಕು ನಿಮ್ಮ ದೇಹದ್ದೇ. ವಂಕಿ ಬದಲಾಯಿಸುವುದು ಎಷ್ಟು ಹೋಗುತ್ತದೆ, ಎಷ್ಟು ದಿನ, ಎಷ್ಟು ನೋವು ಅನ್ನುವುದನ್ನು. ಮಧ್ಯೆ ಮಧ್ಯೆ ಒಂದೆರಡು ಕಲೆ ಕಾಣುವುದೂ ಉಂಟು.

ಹಾರ್ಮೋನ್ ವಂಕಿ, ಅಂದರೆ ಮಿರೇನಾದಂಥದ್ದು, ಲೆವೊನಾರ್ಜೆಸ್ಟ್ರೆಲ್ ಅನ್ನುವ ಹಾರ್ಮೋನನ್ನು ಒಳಗೇ ಚೂರು ಚೂರು ಬಿಡುತ್ತದೆ. ಒಟ್ಟು 52 ಮಿಲಿಗ್ರಾಂ ತುಂಬಿರುತ್ತಾರೆ, ಶುರುವಿನಲ್ಲಿ ದಿನಕ್ಕೆ ಹೆಚ್ಚುಕಮ್ಮಿ 20 ಮೈಕ್ರೋಗ್ರಾಂ ಹೊರಗೆ ಬರುತ್ತದೆ. ಒಳಪದರ ತೆಳ್ಳಗಾಗುತ್ತದೆ, ಮುಟ್ಟಿನಲ್ಲಿ ಹೊರಬರಲು ಹೆಚ್ಚೇನೂ ಉಳಿಯುವುದಿಲ್ಲ. ಮೊದಲ ಮೂರರಿಂದ ಆರು ತಿಂಗಳು ಚುಕ್ಕೆ ಚುಕ್ಕೆಯಾಗಿ, ಹೊತ್ತುಗೊತ್ತಿಲ್ಲದೆ ಕಾಣಿಸುತ್ತಿರುತ್ತದೆ. ಆಮೇಲೆ ಕಡಿಮೆಯಾಗುತ್ತಾ ಹೋಗುತ್ತದೆ. ವರ್ಷ ತುಂಬುವಷ್ಟರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಮುಟ್ಟು ನಿಂತೇ ಹೋಗುತ್ತದೆ.

ನನ್ನ ತಂಗಿ ಹಾಕಿಸಿಕೊಂಡದ್ದು ಇದನ್ನು. ಒಂದು ರಾತ್ರಿ ಫೋನ್ ಮಾಡಿ, "ಅಕ್ಕಾ, ಎರಡು ತಿಂಗಳಾಯ್ತು, ಏನೂ ಕಾಣ್ತಿಲ್ಲ. ಮತ್ತೆ ಬಸುರಿ ಆಗಿಬಿಟ್ನಾ?" ಅಂತ ಅಳುವ ದನಿಯಲ್ಲಿ ಕೇಳಿದಳು. ಒಂದೇ ವಾರದಲ್ಲಿ ನಾಲ್ಕು ಸಲ ಟೆಸ್ಟ್ ಮಾಡಿಕೊಂಡಿದ್ದಳಂತೆ. ಪೆದ್ದಿ. ಒಂದು ಸಲ ಸಾಕು. ಒಳಗೆ ರಕ್ತ ಕಟ್ಟಿಕೊಂಡು ಕೂತಿರುತ್ತದೆ ಅನ್ನುವ ಭಯವೂ ಬೇಡ. ಪದರವೇ ಬೆಳೆಯದಿದ್ದರೆ ಕಟ್ಟಿಕೊಳ್ಳಲು ಅಲ್ಲಿ ಏನಿದೆ?

ಎದೆಹಾಲಿಗೆ ಎರಡರಿಂದಲೂ ತೊಂದರೆ ಇಲ್ಲ. ಹಾಕಿದ ತಾರೀಕು, ಯಾವ ಬಗೆ ಅಂತ ಬರೆದ ಕಾರ್ಡ್ ಕೊಟ್ಟಿದ್ದರೆ ಈಗಲೇ ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ.

ಎಲ್ಲ ರಕ್ತವೂ ವಂಕಿಯದಲ್ಲ

ನಾನು ಎಡವಿದ್ದು ಇಲ್ಲೇ. ಹೆರಿಗೆ ಆದ ಮೇಲೆ ಮೂರು ಸಂಗತಿ ಒಂದರ ಮೇಲೊಂದು ಬಂದು ಕೂರುತ್ತವೆ. ನಾವು ಮೂರನ್ನೂ ವಂಕಿಯ ತಲೆಗೆ ಕಟ್ಟುತ್ತೇವೆ.

ಒಂದು, ಹೆರಿಗೆಯ ಸ್ರಾವ. ಮೊದಲು ಕೆಂಪು, ಆಮೇಲೆ ಕಂದು, ಕೊನೆಗೆ ಹಳದಿ ಬಿಳುಪು. ನಾಲ್ಕರಿಂದ ಆರು ವಾರ ಇರುತ್ತದೆ. ವಂಕಿ ಹಾಕಲಿ ಬಿಡಲಿ, ಸಿಸೇರಿಯನ್ ಆಗಲಿ ಆಗದಿರಲಿ, ಇದು ಇದ್ದದ್ದೇ. ನಿಂತಿತು ಅಂದುಕೊಂಡಾಗ, ಒಂದು ದಿನ ಜಾಸ್ತಿ ಓಡಾಡಿದರೆ ಮತ್ತೆ ಕೆಂಪಗೆ ಕಾಣಿಸಬಹುದು. ನಾಲ್ಕನೇ ವಾರ ಹಾಗಾದಾಗ ನಾನು ಅದನ್ನೇ ಮುಟ್ಟು ಅಂತ ಬರೆದುಕೊಂಡಿದ್ದೆ. ಹಾಗಾಗಿ ಮುಂದಿನ ನಾಲ್ಕು ತಿಂಗಳೂ 'ತಪ್ಪಿದ ಮುಟ್ಟು' ಅಂತ ಒದ್ದಾಡಿದೆ.

ಎರಡು, ಹಾಲೂಡಿಸುವುದು. ಬಾಟಲಿ ಹಾಲೇ ಆದರೆ ಆರೆಂಟು ವಾರಕ್ಕೆ ಮುಟ್ಟು ಬರಬಹುದು. ಹಗಲು ರಾತ್ರಿ ಎದೆಹಾಲೇ ಆದರೆ ಎಷ್ಟೋ ತಿಂಗಳು ಬರುವುದಿಲ್ಲ, ಕೆಲವರಿಗೆ ವರ್ಷವೇ ಆಗುತ್ತದೆ. ಇದನ್ನು ತೀರ್ಮಾನಿಸುವುದು ಹಾಲು ಬರಿಸುವ ಪ್ರೊಲ್ಯಾಕ್ಟಿನ್ ಹಾರ್ಮೋನ್, ತಾಮ್ರ ಅಲ್ಲ. ನನ್ನ ಮಗಳು ರಾತ್ರಿ ಐದು ಗಂಟೆ ಒಂದೇ ಸಮನೆ ಮಲಗಲು ಶುರುಮಾಡಿದ ಮೂರನೇ ವಾರಕ್ಕೆ ನನಗೆ ಮುಟ್ಟು ಬಂತು. ಹಾಲೂಡಿಸುತ್ತಿರುವಾಗ ಬರುವ ಮೊದಮೊದಲ ಮುಟ್ಟುಗಳಿಗೆ ಲೆಕ್ಕವೇ ಇರುವುದಿಲ್ಲ. ನನ್ನ ಮೊದಲ ಮೂರು ಅಂತರ 44 ದಿನ, 31 ದಿನ, 38 ದಿನ. ಫೋನಿನ ಆ್ಯಪ್ ಮಾತ್ರ 28ಕ್ಕೇ ಅಂಟಿಕೊಂಡು "ತಡವಾಗಿದೆ" ಅಂತ ದಿನಾ ಕಿರಿಕಿರಿ ಮಾಡುತ್ತಿತ್ತು. ಅಳಿಸಿ ಹಾಕಿದೆ.

ಮೂರನೆಯದು ವಂಕಿ. ಮೊದಲಿನ ಎರಡನ್ನು ಕಳೆದ ಮೇಲೆ ಉಳಿದದ್ದು ಅದರ ಲೆಕ್ಕಕ್ಕೆ.

ಕ್ಯಾಲೆಂಡರ್ ಮೇಲೆ ನಾನು ಹಾಕಿದ ಗುರುತು

ಒಂದು ಗೋಡೆ ಕ್ಯಾಲೆಂಡರ್, ಒಂದು ಕೆಂಪು ಪೆನ್. ಬರೀ ಕಲೆಯಾದರೆ ಒಂದು ಚುಕ್ಕೆ. ಪ್ಯಾಡ್ ಬೇಕಾದಷ್ಟು ಹೋದರೆ ಎಷ್ಟು ಪ್ಯಾಡ್ ಅಂತ ಅಂಕಿ. ನೋವಿಗೆ ಮಾತ್ರೆ ತಗೊಂಡ ದಿನ 'ಮಾ'. ವಂಕಿಯ ತುದಿಯಿಂದ ಇಳಿಬಿದ್ದಿರುವ ದಾರ ಇದೆಯಾ ಅಂತ ನೋಡಿಕೊಂಡ ದಿನ 'ದಾ'. ಮಗು ರಾತ್ರಿ ಹಾಲು ಬಿಟ್ಟದ್ದು, ಮೇಲಿನ ಊಟ ಶುರುವಾದದ್ದು ಪೆನ್ಸಿಲಿನಲ್ಲಿ. ಇಷ್ಟೇ.

ನನ್ನ ಮೊದಲ ಮುಟ್ಟಿನ ಎರಡನೇ ದಿನದ ಚೌಕದಲ್ಲಿ 7 ಅಂತ ಇದೆ, ಒಟ್ಟು ಎಂಟು ದಿನ. ಎರಡನೆಯದು ಒಂಬತ್ತು ದಿನ. ಮೂರನೆಯದು ಏಳು. ಆರನೇ ಮುಟ್ಟಿಗೆ ಬರುವಷ್ಟರಲ್ಲಿ ಜಾಸ್ತಿ ಹೋದ ದಿನವೂ ನಾಲ್ಕೇ ಪ್ಯಾಡ್, ಒಟ್ಟು ಆರು ದಿನ. ಮನಸ್ಸಿಗೆ ಕೇಳಿದ್ದರೆ ಎಲ್ಲವೂ ಒಂದೇ ಥರ ಭಯಂಕರ ಅನ್ನುತ್ತಿತ್ತು. ಅಂಕಿ ನೋಡಿದಾಗಲೇ ಇಳಿಯುತ್ತಿದೆ ಅಂತ ಗೊತ್ತಾದದ್ದು. ಕಾಪರ್ ಟಿ ಹಾಕಿಸಿಕೊಂಡ ತುಂಬಾ ಜನರಿಗೆ ಮೂರರಿಂದ ಆರು ತಿಂಗಳಲ್ಲಿ ಹೀಗೆ ತಹಬಂದಿಗೆ ಬರುತ್ತದೆ. ನನಗೆ ಹಳೆಯ ನಾಲ್ಕು ದಿನ ಮಾತ್ರ ವಾಪಸ್ ಬರಲಿಲ್ಲ. ಈಗಲೂ ಐದೂವರೆ, ಆರು. ಅದಕ್ಕೆ ಒಗ್ಗಿಕೊಂಡಿದ್ದೇನೆ. ಎಲ್ಲರೂ ಒಗ್ಗಿಕೊಳ್ಳಲೇಬೇಕು ಅಂತೇನೂ ಇಲ್ಲ.

ಜಾಸ್ತಿ ಹೋಗುವ ತಿಂಗಳುಗಳಲ್ಲಿ ಡಾಕ್ಟರ್ ನನಗೆ ಐಬುಪ್ರೊಫೆನ್ ಹೇಳಿದ್ದರು. ಮೊದಲ ದಿನದಿಂದಲೇ, ಹೊಟ್ಟೆಗೆ ತಿಂದ ಮೇಲೆ, ಮೂರು ದಿನ. ಅದು ನೋವನ್ನಷ್ಟೇ ಅಲ್ಲ, ರಕ್ತ ಹೋಗುವುದನ್ನೂ ಸ್ವಲ್ಪ ಇಳಿಸುತ್ತದೆ. ಹಾಲೂಡಿಸುವವರೂ ತಗೊಳ್ಳಬಹುದು. ಆದರೆ ಹೊಟ್ಟೆ ಹುಣ್ಣು, ಕಿಡ್ನಿ ತೊಂದರೆ, ಆಸ್ತಮಾ ಇದ್ದರೆ ಕೇಳದೆ ಬೇಡ. ಆಸ್ಪಿರಿನ್ ಅಂತೂ ಬೇಡವೇ ಬೇಡ, ಅದರಿಂದ ರಕ್ತ ಹೋಗುವುದು ಜಾಸ್ತಿಯಾಗಬಹುದು.

ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಬಸುರಿಯಲ್ಲದ ಹೆಂಗಸಿಗೆ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ನನ್ನದು 9.8 ಇತ್ತು. ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿದ್ದದ್ದು ನಿದ್ದೆ ಇಲ್ಲದ್ದಕ್ಕೆ ಅಂತ ಸುಮ್ನೆ ಇದ್ದೆ. ಮೂರು ತಿಂಗಳು ಕಬ್ಬಿಣದ ಮಾತ್ರೆ ನುಂಗಿದ ಮೇಲೆ ಸರಿಹೋಯಿತು. ವಂಕಿಯಿಂದ ಜಾಸ್ತಿ ಹೋಗುತ್ತಿದ್ದರೆ ಹೆರಿಗೆಯಲ್ಲಿ ಹೋದ ರಕ್ತದ ಸಾಲ ತೀರುವುದೇ ಇಲ್ಲ ನೋಡಿ.

ದಾರ ಇದೆಯಾ?

ಹೆರಿಗೆ ಆದ ತಕ್ಷಣ ಹಾಕುವುದಾದರೆ ಮಾಸು ಬಿದ್ದ 10 ನಿಮಿಷದೊಳಗೆ, ಇಲ್ಲವೇ 48 ಗಂಟೆಯೊಳಗೆ ಹಾಕುತ್ತಾರೆ. ಅದು ದಾಟಿದರೆ ಸಾಮಾನ್ಯವಾಗಿ ನಾಲ್ಕು ವಾರ ಕಾಯಿಸುತ್ತಾರೆ. ತಕ್ಷಣ ಹಾಕಿದರೆ ಮತ್ತೆ ಓಡಾಡುವ ಕೆಲಸ ಇಲ್ಲ. ಆದರೆ ಗರ್ಭಕೋಶ ಇನ್ನೂ ದೊಡ್ಡದಾಗಿ, ಸಡಿಲವಾಗಿ ಇರುವುದರಿಂದ ವಂಕಿ ಜಾರಿ ಬೀಳುವ ಸಾಧ್ಯತೆ ಜಾಸ್ತಿ. ಬಿದ್ದದ್ದು ಸ್ರಾವದ ನಡುವೆ ಗೊತ್ತೇ ಆಗದೆ ಹೋಗಬಹುದು. ಹಾಗಾಗಿ ಆರನೇ ವಾರದ ತಪಾಸಣೆ ತಪ್ಪಿಸಬೇಡಿ. ಗರ್ಭಕೋಶ ಕುಗ್ಗಿದ ಹಾಗೆ ದಾರ ಕೆಳಗಿಳಿಯುತ್ತದೆ, ಉದ್ದವಾದರೆ ಅಲ್ಲೇ ಕತ್ತರಿಸುತ್ತಾರೆ.

ಆಮೇಲೆ ಪ್ರತಿ ಮುಟ್ಟು ಮುಗಿದ ಮೇಲೆ ನೀವೇ ನೋಡಿಕೊಳ್ಳಬಹುದು. ಕೈ ತೊಳೆದು, ಕುಕ್ಕರಗಾಲಲ್ಲಿ ಕೂತು, ನಡುಬೆರಳು ಒಳಗೆ ಹಾಕಿ. ಮೂಗಿನ ತುದಿಯ ಹಾಗೆ ಗಟ್ಟಿಯಾಗಿ ತಾಗುವುದು ಗರ್ಭಕೋಶದ ಬಾಯಿ. ಅಲ್ಲಿ ನೈಲಾನ್ ಎಳೆಯ ಥರ ಎರಡು ತುದಿ ಸಿಗುತ್ತವೆ. ಮುಟ್ಟಿದರೆ ಸಾಕು, ಎಳೆಯಬೇಡಿ. ನನಗೆ ಮೊದಲ ಎರಡು ಸಲ ಏನೂ ಸಿಗಲಿಲ್ಲ, ಹುಡುಕಿದ್ದೇ ತಪ್ಪು ಜಾಗದಲ್ಲಿ. ದಾರ ನಿಜವಾಗಿ ಸಿಗದಿದ್ದರೆ, ಇದ್ದಕ್ಕಿದ್ದ ಹಾಗೆ ಉದ್ದವಾಗಿದ್ದರೆ, ಗಟ್ಟಿ ಪ್ಲಾಸ್ಟಿಕ್ ತುದಿ ತಾಗಿದರೆ, ಡಾಕ್ಟರ್ ನೋಡುವ ತನಕ ಬೇರೆ ಗರ್ಭನಿರೋಧಕ ಬಳಸಿ. ಮುಟ್ಟಿನ ಕಪ್ ಬಳಸುವವರು ಹಾಗೇ ಜಗ್ಗಬೇಡಿ, ಮೊದಲು ಅಂಚು ಒತ್ತಿ ಗಾಳಿ ಬಿಡಿ.

ಕಾಯದೆ ಹೋಗಬೇಕಾದದ್ದು

ಗಂಟೆಗೊಂದು ಪ್ಯಾಡ್ ಪೂರ್ತಿ ನೆನೆದು, ಎರಡು ಗಂಟೆಯಾದರೂ ಹಾಗೇ ಹೋಗುತ್ತಿದ್ದರೆ. ನಿಂಬೆಹಣ್ಣಿನ ಗಾತ್ರದ ಗಡ್ಡೆ ಬಿದ್ದರೆ, ತಲೆ ಸುತ್ತಿದರೆ. ಜ್ವರ, ಕಿಬ್ಬೊಟ್ಟೆ ನೋವು, ಕೆಟ್ಟ ವಾಸನೆಯ ಸ್ರಾವ ಇದ್ದರೆ, ಅದರಲ್ಲೂ ವಂಕಿ ಹಾಕಿದ ಮೊದಲ ಮೂರು ವಾರದಲ್ಲಿ.

ಇನ್ನೊಂದು ಮಾತು ಕಾಪರ್ ಟಿ ಇರುವವರಿಗೆ. ಮುಟ್ಟು ಸರಿಯಾಗಿ ಬರಲು ಶುರುವಾದ ಮೇಲೆ ಒಂದು ತಿಂಗಳು ತಪ್ಪಿದರೆ 'ವಂಕಿ ಇದೆಯಲ್ಲ' ಅಂತ ಕೂರಬೇಡಿ, ಟೆಸ್ಟ್ ಮಾಡಿ. ವಂಕಿ ಇದ್ದೂ ಬಸುರಾಗುವುದು ತೀರಾ ಅಪರೂಪ. ಆದರೆ ಹಾಗೇನಾದರೂ ಆದರೆ, ಗರ್ಭ ಗರ್ಭಕೋಶದ ಹೊರಗೆ, ಅಂಡನಾಳದಲ್ಲಿ ನಿಂತಿರಬಹುದು. ಟೆಸ್ಟಿನಲ್ಲಿ ಎರಡು ಗೆರೆ ಬಂದು, ಹೊಟ್ಟೆಯ ಒಂದು ಪಕ್ಕ ನೋಯುತ್ತಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಇನ್ನೂ ಮುಟ್ಟೇ ಬಂದಿಲ್ಲದ ಬಾಣಂತಿಗೆ ತಪ್ಪುವ ತಾರೀಕೇ ಇಲ್ಲವಲ್ಲ, ಅಂಥವರು ವಾಕರಿಕೆ, ಮೊಲೆ ನೋವಿನಂಥ ಸೂಚನೆ ಕಂಡರೆ ಟೆಸ್ಟ್ ಮಾಡಿಕೊಳ್ಳಲಿ.

ಆರು ತಿಂಗಳಾದರೂ ಅಂಕಿ ಇಳಿಯದಿದ್ದರೆ, ಇಲ್ಲವೇ ನಿಮಗೇ ಸಾಕಾಗಿದ್ದರೆ, ತೆಗೆಸಿ. ಅದಕ್ಕೆ ಯಾರ ಅಪ್ಪಣೆಯೂ ಬೇಡ. ದಾರ ಹಿಡಿದು ಎಳೆದರೆ ಸಾಮಾನ್ಯವಾಗಿ ಕೆಲವೇ ನಿಮಿಷದ ಕೆಲಸ. ಜಾಸ್ತಿ ಹೋಗುವುದೊಂದೇ ತೊಂದರೆಯಾದರೆ ಅದೇ ದಿನ ಹಾರ್ಮೋನ್ ವಂಕಿಗೆ ಬದಲಾಯಿಸಬಹುದಾ ಅಂತ ಕೇಳಿ ನೋಡಿ. ಏನೂ ಹಾಕಿಸಿಕೊಳ್ಳದೆ ಎದ್ದು ಬರುವುದಾದರೆ ಅವತ್ತಿನಿಂದಲೇ ಬಸುರಾಗಬಹುದು ಅಂತ ಗೊತ್ತಿರಲಿ. ಹೋಗುವಾಗ ಕ್ಯಾಲೆಂಡರಿನ ಆ ಹಾಳೆಗಳನ್ನು ಹರಿದು ಪರ್ಸಿಗೆ ಹಾಕಿಕೊಳ್ಳಿ. ನಾನು "ತುಂಬಾ ಹೋಗುತ್ತೆ ಡಾಕ್ಟ್ರೇ" ಅಂದಾಗ ಅವರು ಬರೀ ತಲೆಯಾಡಿಸಿದ್ದರು, ಹಾಳೆ ಮುಂದಿಟ್ಟಾಗ ಕನ್ನಡಕ ಏರಿಸಿಕೊಂಡು ಹತ್ತು ನಿಮಿಷ ಕೂತು ಓದಿದರು.