ಮೂರನೆಯ ಕಾಲಂ

ಕೊಡಗಿನ ಶಾಲೆಯಲ್ಲಿ ಇತಿಹಾಸ ಪಾಠ ಮಾಡುವುದು ಸುಲಭವೂ ಹೌದು, ಪೀಕಲಾಟವೂ ಹೌದು. ಎಷ್ಟೋ ಮಕ್ಕಳ ಮನೆಯಲ್ಲಿ ಅಜ್ಜನೋ ಚಿಕ್ಕಪ್ಪನೋ ಸೇನೆಯಲ್ಲಿದ್ದವರು. ಯುದ್ಧ ಎಂದೊಡನೆ ಕಿವಿ ನೆಟ್ಟಗಾಗುತ್ತದೆ. ಆದರೆ ಆ ಯುದ್ಧವನ್ನು ಅವರು ಆಗಲೇ ಸಿನಿಮಾದಲ್ಲಿ ಗೆದ್ದು ಮುಗಿಸಿರುತ್ತಾರೆ.

ಸಿನಿಮಾವನ್ನು ಬೈದು ಸೋತ ಮೇಲೆ, ಕಳೆದ ಮಳೆಗಾಲದ ಶನಿವಾರಗಳಲ್ಲಿ ನಾನೇ ತರಗತಿಯಲ್ಲಿ ಸಿನಿಮಾ ತುಣುಕುಗಳನ್ನು ತೋರಿಸತೊಡಗಿದೆ. ಕರೆಂಟ್ ಇದ್ದರೆ ಮಾತ್ರ ಎನ್ನಿ. ಮಕ್ಕಳ ಹಾಳೆಯಲ್ಲಿ ಎರಡು ಕಾಲಂ: ತೆರೆಯಲ್ಲಿ ಕಂಡದ್ದು, ನಿಜವಾಗಿ ನಡೆದದ್ದು.

ಮೊದಲು ‘ಯು-571’. ಜರ್ಮನ್ ಜಲಾಂತರ್ಗಾಮಿಯಿಂದ ಎನಿಗ್ಮಾ ಗೂಢಲಿಪಿ ಯಂತ್ರವನ್ನು ಅಮೆರಿಕದ ನಾವಿಕರು ಸಾಹಸ ಮಾಡಿ ತರುತ್ತಾರೆ. ನಿಜದಲ್ಲಿ 1941ರ ಮೇ 9ರಂದು ಯು-110 ಎಂಬ ಜರ್ಮನ್ ಜಲಾಂತರ್ಗಾಮಿಯೊಳಗೆ ಇಳಿದು ಅದನ್ನು ತಂದವರು ಬ್ರಿಟಿಷ್ ಹಡಗು ‘ಬುಲ್‌ಡಾಗ್’ನವರು, ಅಮೆರಿಕ ಯುದ್ಧಕ್ಕಿಳಿದದ್ದೇ ಆ ವರ್ಷದ ಡಿಸೆಂಬರಿನಲ್ಲಿ. ಮಕ್ಕಳು ಬೆರಳು ಮಡಚಿ ಏಳು ತಿಂಗಳು ಎಣಿಸಿ, ನಕ್ಕಿದ್ದೇ ನಕ್ಕಿದ್ದು. ಬುಲ್‌ಡಾಗ್‌ನ ಹೆಸರು ಚಿತ್ರದಲ್ಲೂ ಬರುತ್ತದೆ, ಕೊನೆಯಲ್ಲಿ ತೆರೆಯ ಮೇಲೆ ಮೂಡುವ ಸಾಲುಗಳಲ್ಲಿ, ಜನ ಚಪ್ಪಲಿ ಹುಡುಕುವ ಹೊತ್ತಿಗೆ.

ಮುಂದೆ 2025ರ ‘ಸ್ಕೈ ಫೋರ್ಸ್’. ನಗು ನಿಂತಿತು.

“ನಮ್ಮ ಸಿನಿಮಾದಲ್ಲೂ ತಪ್ಪು ಹುಡುಕಬೇಕೇ ಸರ್?” ಎಂದ ಹಿಂದಿನ ಬೆಂಚಿನವನು.

ಹುಡುಕಿದೆವು. ಚಿತ್ರದ ವೀರನ ಹೆಸರು ವಿಜಯ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಹೋಗಿ, ತನ್ನ ಮಿಸ್ಟೇರ್ ವಿಮಾನದಿಂದ ಅದಕ್ಕಿಂತ ಎಷ್ಟೋ ವೇಗದ, ಪಾಕಿಸ್ತಾನದ ಸ್ಟಾರ್‌ಫೈಟರ್ ಯುದ್ಧವಿಮಾನವನ್ನು ಕೆಡವಿ, ಹಿಂದಿರುಗದೆ ಹೋದವರು ನಮ್ಮ ಅಜ್ಜಮಾಡ ಬೋಪಯ್ಯ ದೇವಯ್ಯ. ಮನೆಹೆಸರು ಹೇಳದೆ ಕೊಡವರನ್ನು ಪರಿಚಯಿಸಿದರೆ ಅರ್ಧ ಮನುಷ್ಯನನ್ನು ಪರಿಚಯಿಸಿದಂತೆ. ಇಲ್ಲಿ ಇಡೀ ಹೆಸರೇ ಹೋಗಿದೆ. ಹಿಂದಿನ ಬೆಂಚಿನವನಿಗೆ ಈಗ ರೋಷ ಬಂತು.

ಆದರೆ ನನಗೆ ಬೇಕಾದದ್ದು ಅವನ ರೋಷವಲ್ಲ. ಅವರಿಗೆ ಮಹಾವೀರ ಚಕ್ರ ಬಂದದ್ದು 1988ರಲ್ಲಿ. ನಡುವಿನ ಇಪ್ಪತ್ತಮೂರು ವರ್ಷ ಏನಾಯಿತು ಎಂದು ಕೇಳಿದೆ. ಯಾರೂ ಮಾತಾಡಲಿಲ್ಲ. ಅವರ ಕೊನೆಯ ಕಾಳಗ ನಮ್ಮ ಕಡೆಯವರಿಗೆ ಗೊತ್ತೇ ಇರಲಿಲ್ಲ. 1979ರಲ್ಲಿ ಜಾನ್ ಫ್ರಿಕರ್ ಎಂಬ ಬ್ರಿಟಿಷ್ ಲೇಖಕ ಪಾಕಿಸ್ತಾನದ ವಾಯುಯುದ್ಧದ ಬಗ್ಗೆ ಬರೆದ ಪುಸ್ತಕದಿಂದ ಅದು ಹೊರಬಿತ್ತು. ನಮ್ಮ ವೀರನ ಗೆಲುವಿಗೆ ಸಾಕ್ಷಿ ಸಿಕ್ಕಿದ್ದು ಸೋತವರ ಕಡೆಯಿಂದ.

ಅಂದೇ ಹಾಳೆಗೆ ಮೂರನೆಯ ಗೆರೆ ಎಳೆಸಿದೆ: ಎದುರು ಕಡೆಯವರು ಹೇಳುವುದು. ಈಗ ಯಾವ ದೇಶದ ಸಿನಿಮಾ ತೋರಿಸಿದರೂ ಮೊದಲು ತುಂಬಬೇಕಾದದ್ದು ಅದನ್ನೇ.

ಒಬ್ಬ ಹುಡುಗಿ ಅಲ್ಲಿ ಬರೆದಳು: “ಸ್ಟಾರ್‌ಫೈಟರ್‌ನ ಪೈಲಟ್ ಅಮ್ಜದ್ ಹುಸೇನ್. ವಿಮಾನದಿಂದ ಹೊರಜಿಗಿದು ಬದುಕಿದರು.” ಸೆಪ್ಟೆಂಬರ್ 7ಕ್ಕೆ ಶಾಲೆಯಲ್ಲಿ ದೇವಯ್ಯನವರ ಬಗ್ಗೆ ಮಾತಾಡುವವಳೂ ಅವಳೇ.

“ಈ ಸಾಲನ್ನೂ ಓದಲೇ ಸರ್?”

ಓದು ಎಂದೆ.