ಅಂಟಿನ ನೀರು ಬೇರೆ, ತೊಟ್ಟಿಯ ನೀರು ಬೇರೆ: ಪ್ಲೈವುಡ್ ಘಟಕದ ಕೊಳೆನೀರು ಶುದ್ಧೀಕರಣ

ಪ್ಲೈವುಡ್ ಘಟಕದಲ್ಲಿ ಕಾಡುವ ನೀರು ನೋಡಲು ಹೆದರಿಕೆ ಹುಟ್ಟಿಸುವ ನೀರಲ್ಲ. ದಿಮ್ಮಿ ಬೇಯಿಸುವ ತೊಟ್ಟಿಯಿಂದ ಕಡುಕಂದು ನೀರು ಬರುತ್ತದೆ, ಎಲ್ಲರ ಕಣ್ಣೂ ಅದರ ಮೇಲೇ. ಗ್ಲೂ ಸ್ಪ್ರೆಡರ್ (ಹಾಳೆಗಳಿಗೆ ಅಂಟು ಹಚ್ಚುವ ರೋಲರ್ ಯಂತ್ರ) ತೊಳೆದ ನೀರು ಹಾಲಿನಂತೆ ಬೆಳ್ಳಗೆ, ದಿನಕ್ಕೆ ಒಂದೆರಡು ಸಾವಿರ ಲೀಟರ್ ಮಾತ್ರ. ಆದರೆ ಅದರ ಸಿಒಡಿ (ಕೊಳೆಯನ್ನು ರಾಸಾಯನಿಕವಾಗಿ ಸುಡಲು ಬೇಕಾಗುವ ಆಮ್ಲಜನಕದ ಅಳತೆ) ಲೀಟರಿಗೆ ಹತ್ತಾರು ಸಾವಿರ ಮಿಲಿಗ್ರಾಂ ಮುಟ್ಟಬಹುದು, ಫಾರ್ಮಾಲ್ಡಿಹೈಡ್ ನೂರಾರು ಮಿಲಿಗ್ರಾಂ ಇರಬಹುದು. ಎರಡನ್ನೂ ಒಂದೇ ಹೊಂಡಕ್ಕೆ ಬಿಟ್ಟರೆ ಅಂಟು ತೆಳುವಾಗುತ್ತದೆ, ಮಾಯವಾಗುವುದಿಲ್ಲ. ತೆಳುವಾದ ರಾಳವನ್ನು (ಅಂಟಿನ ಮುಖ್ಯ ವಸ್ತು) ಹಿಡಿಯುವುದು ದಪ್ಪಗಿರುವುದನ್ನು ಹಿಡಿಯುವುದಕ್ಕಿಂತ ಕಷ್ಟ. ಹಾಗಾಗಿ ನಮ್ಮಲ್ಲಿ ಮೊದಲ ಕೆಲಸ ಚರಂಡಿ ಬೇರ್ಪಡಿಸುವುದು.

ಅದಕ್ಕೂ ಮುಂಚೆ, ನೀರೇ ಕಡಿಮೆ ಬರುವಂತೆ ನೋಡಿಕೊಳ್ಳುತ್ತೇವೆ. ಪಾಳಿ ಮುಗಿದಾಗ ರೋಲರ್ ಮೇಲಿನ ಅಂಟನ್ನು ಮೊದಲು ರಬ್ಬರ್ ಪಟ್ಟಿಯಿಂದ ಕೆರೆದು ಬಕೆಟ್ಟಿಗೆ ತೆಗೆಯಬೇಕು, ನೀರು ಆಮೇಲೆ. ಪೈಪಿನ ತುದಿಗೆ ಅಧಿಕ ಒತ್ತಡದ ನಾಝಲ್ ಹಾಕಬೇಕು. ಮೂರು ಡ್ರಮ್ ಇಟ್ಟುಕೊಂಡು, ಮೊದಲ ತೊಳೆತಕ್ಕೆ ಹಿಂದಿನ ದಿನದ ಎರಡನೇ ತೊಳೆತದ ನೀರನ್ನೇ ಬಳಸುತ್ತೇವೆ. ಹೊಸ ನೀರು ಕೊನೆಯ ತೊಳೆತಕ್ಕೆ ಮಾತ್ರ. ಅತಿ ದಪ್ಪಗಿರುವ ಮೊದಲ ಡ್ರಮ್ಮಿನ ನೀರನ್ನು ಜಾಲರಿಯಲ್ಲಿ ಸೋಸಿ ಮುಂದಿನ ಅಂಟಿನ ಮಿಶ್ರಣಕ್ಕೆ ಸೇರಿಸಬಹುದು. ಫಿನಾಲ್ ರಾಳದ ಅಂಟಿಗೆ ಇದು ಚೆನ್ನಾಗಿ ಹೊಂದುತ್ತದೆ. ಯೂರಿಯಾ ರಾಳದ ನೀರಿನಲ್ಲಿ ಗಟ್ಟಿಕಾರಕ ಉಳಿದಿದ್ದರೆ ಪಾತ್ರೆಯಲ್ಲೇ ಅಂಟು ಗಟ್ಟಿಯಾಗುತ್ತದೆ, ಅದನ್ನು ಬಳಸುವ ಮುಂಚೆ ಪಿಎಚ್ ನೋಡಲೇಬೇಕು. ಅಂಟಿಗೆ ಹಿಟ್ಟು ಬೆರೆಸುವ ಕಡೆ ಈ ನೀರು ಒಂದು ದಿನಕ್ಕಿಂತ ಹೆಚ್ಚು ನಿಂತರೆ ಹುಳಿ ವಾಸನೆ ಬರುತ್ತದೆ. ಅಂಥ ನೀರು ಅಂಟಿಗೆ ಬೇಡ.

ಇಷ್ಟಾದ ಮೇಲೂ ಉಳಿಯುವ ನೀರಿಗೆ ಆಮ್ಲ ಹಾಕಿ ರಾಳ ಒಡೆಸುತ್ತೇವೆ. ಯೂರಿಯಾ ರಾಳವಾದರೆ ಗಂಧಕಾಮ್ಲದಿಂದ ಪಿಎಚ್ ಅನ್ನು 3.5ರ ಆಸುಪಾಸಿಗೆ ಇಳಿಸಿ, ಅರ್ಧ ಗಂಟೆ ಕಲಕಿ, ರಾತ್ರಿಯಿಡೀ ಬಿಟ್ಟರೆ ಮೊಸರೊಡೆದಂತೆ ಬಿಳಿ ಗಸಿ ಕೆಳಗೆ ಕೂರುತ್ತದೆ. ನೀರು ತಣ್ಣಗಿದ್ದರೆ ಒಡೆಯುವುದು ನಿಧಾನ, ಅವಸರ ಮಾಡಿ ಮೇಲಿನ ನೀರು ಬಿಟ್ಟರೆ ಮುಂದಿನ ಟ್ಯಾಂಕಿನಲ್ಲಿ ಗಟ್ಟಿಯಾಗಿ ಪಂಪು ಕಟ್ಟುತ್ತದೆ. ಫಿನಾಲ್ ರಾಳ ಕ್ಷಾರದಲ್ಲಿ ಕರಗಿರುತ್ತದೆ, ಪಿಎಚ್ 3ರಿಂದ 4ಕ್ಕೆ ಬಂದಾಗ ಕೆಂಗಂದು ಜಿಗುಟು ಉಂಡೆಗಳಾಗಿ ಹೊರಬೀಳುತ್ತದೆ. ಎರಡರಲ್ಲೂ ಆಮ್ಲವನ್ನು ನೀರಿಗೆ ಹನಿಹನಿಯಾಗಿ ಹಾಕಬೇಕೇ ಹೊರತು ನೀರನ್ನು ಆಮ್ಲಕ್ಕಲ್ಲ. ಫಾರ್ಮಾಲ್ಡಿಹೈಡ್ ಆವಿ ಎದ್ದು ಕಣ್ಣು ಉರಿಯುತ್ತದೆ, ಆದ್ದರಿಂದ ಗಾಳಿ ಹೊರಹಾಕುವ ಫ್ಯಾನ್, ಕನ್ನಡಕ, ಆವಿ ತಡೆಯುವ ಮಾಸ್ಕ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕುವುದಿಲ್ಲ.

ಮೇಲೆ ನಿಂತ ತಿಳಿಗೆ ಫೆಂಟನ್ ಕ್ರಮ, ಅಂದರೆ ಕಬ್ಬಿಣ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಸೇರಿಸಿ ಕೊಳೆ ಸುಡುವುದು. ಲೆಕ್ಕ ಹೀಗೆ: 2000 ಲೀಟರ್ ನೀರು, ಆಮ್ಲದ ಹಂತ ದಾಟಿದ ಮೇಲೆ ಸಿಒಡಿ ಲೀಟರಿಗೆ 6000 ಮಿಲಿಗ್ರಾಂ ಎಂದಿಟ್ಟುಕೊಳ್ಳಿ. ಒಟ್ಟು 12 ಕಿಲೋ ಸಿಒಡಿ. ಒಂದು ಕಿಲೋ ಸಿಒಡಿ ಪೂರ್ತಿ ಸುಡಲು 2.125 ಕಿಲೋ ಶುದ್ಧ ಹೈಡ್ರೋಜನ್ ಪೆರಾಕ್ಸೈಡ್ ಬೇಕು, ಅಂದರೆ 25.5 ಕಿಲೋ. ಪೂರ್ತಿ ಸುಡುವುದು ದುಡ್ಡಿನ ದಂಡ. ವಿಷ ಮುರಿದರೆ ಸಾಕು, ಉಳಿದದ್ದನ್ನು ಬ್ಯಾಕ್ಟೀರಿಯಾ ತಿನ್ನುತ್ತವೆ. ಅರ್ಧದಷ್ಟು, ಅಂದರೆ ಸುಮಾರು 12.75 ಕಿಲೋ ಕೊಡುತ್ತೇವೆ. 50 ಶೇಕಡಾ ದ್ರಾವಣದಲ್ಲಿ ಅದು 25.5 ಕಿಲೋ ಆಗುತ್ತದೆ. ಕಬ್ಬಿಣ ಶುದ್ಧ ಪೆರಾಕ್ಸೈಡಿನ ಹತ್ತನೇ ಒಂದು ಭಾಗ, ಸುಮಾರು 1.3 ಕಿಲೋ. ಹರಳು ಫೆರಸ್ ಸಲ್ಫೇಟಿನಲ್ಲಿ ಕಬ್ಬಿಣ ಐದನೇ ಒಂದು ಭಾಗ ಮಾತ್ರ ಇರುವುದರಿಂದ ಆರೂವರೆ ಕಿಲೋ ತೂಗಬೇಕು. ಇದು ಶುರುಮಾಡುವ ಅಳತೆ, ಕೊನೆಯ ಅಳತೆ ಒಂದು ಲೀಟರ್ ಬೀಕರಿನಲ್ಲಿ ನೋಡಿಯೇ ತೀರ್ಮಾನ.

ಪಿಎಚ್ 3ರಿಂದ 3.5ರ ನಡುವೆ ಇರಲಿ. ಮೊದಲು ಫೆರಸ್ ಸಲ್ಫೇಟ್ ಪೂರ್ತಿ ಕರಗಬೇಕು, ಆಮೇಲೆ ಪೆರಾಕ್ಸೈಡನ್ನು ಎರಡು ಗಂಟೆ ಹಿಡಿಸಿ ಸಣ್ಣ ಧಾರೆಯಾಗಿ ಬಿಡಬೇಕು. ಒಂದೇ ಸಲಕ್ಕೆ ಸುರಿದರೆ ನೀರು ಬಿಸಿಯೇರಿ, ನೊರೆಯುಕ್ಕಿ ಟ್ಯಾಂಕು ತುಳುಕುತ್ತದೆ, ಪೆರಾಕ್ಸೈಡ್ ಕೆಲಸ ಮಾಡದೆ ಆಮ್ಲಜನಕವಾಗಿ ಹಾರಿಹೋಗುತ್ತದೆ. ಫಿನಾಲ್ ಇರುವ ನೀರು ಮೊದಲು ಕಾಫಿ ಡಿಕಾಕ್ಷನ್‌ನಂತೆ ಕಪ್ಪಾಗುತ್ತದೆ. ಕೆಟ್ಟಿತು ಎಂದು ಅಲ್ಲಿಗೆ ನಿಲ್ಲಿಸಬಾರದು, ಅದು ಮಧ್ಯದ ಹಂತದ ಬಣ್ಣ. ಪೆರಾಕ್ಸೈಡ್ ಸಾಕಷ್ಟಿದ್ದರೆ ಮುಂದೆ ತಿಳಿಹಳದಿಗೆ ಇಳಿಯುತ್ತದೆ.

ಕೊನೆಗೆ ಸುಣ್ಣದ ಹಾಲಿನಿಂದ ಪಿಎಚ್ 8.5ಕ್ಕೆ ಏರಿಸಿ, 0.1 ಶೇಕಡಾ ಆನಯಾನಿಕ್ ಪಾಲಿಮರ್ (ಗಸಿಯನ್ನು ಒಟ್ಟುಗೂಡಿಸುವ ವಸ್ತು) ದ್ರಾವಣವನ್ನು ಲೀಟರ್ ನೀರಿಗೆ 1ರಿಂದ 3 ಮಿಲಿಗ್ರಾಂ ಒಣ ಪಾಲಿಮರ್ ಲೆಕ್ಕದಲ್ಲಿ ಹಾಕಿದರೆ ಕಬ್ಬಿಣದ ಗಸಿ ಕೂರುತ್ತದೆ. ಕಾಸ್ಟಿಕ್ ಹಾಕಬಹುದು, ಆದರೆ ಗಸಿ ಹಗುರವಾಗಿ ತೇಲಾಡುತ್ತದೆ. ಸುಣ್ಣದಲ್ಲಿ ಬೇರೆ ತೊಂದರೆ: ಗಂಧಕಾಮ್ಲದ ಜೊತೆ ಸೇರಿ ಜಿಪ್ಸಮ್ ಆಗಿ ಪೈಪಿನೊಳಗೆ ಪದರ ಕಟ್ಟುತ್ತದೆ. ನಾವು ಸುಣ್ಣವನ್ನೇ ಇಟ್ಟುಕೊಂಡು, ಬಿಚ್ಚಿ ಚಚ್ಚಲು ಬರುವ ಹೋಸ್ ಹಾಕಿದ್ದೇವೆ. ಗಸಿ ಕೂರದೆ ಮೇಲಕ್ಕೇ ಎದ್ದು ಬರುತ್ತಿದ್ದರೆ ಪಾಲಿಮರ್ ಹೆಚ್ಚಿಸಬೇಡಿ. ಉಳಿದ ಪೆರಾಕ್ಸೈಡ್ ಒಡೆದು ಗುಳ್ಳೆಗಳು ಗಸಿಯನ್ನು ಎತ್ತುತ್ತಿವೆ, ಇನ್ನೊಂದೆರಡು ಗಂಟೆ ಕಲಕಬೇಕು. ಈ ಉಳಿಕೆ ಪರೀಕ್ಷೆಯನ್ನೂ ಹಾಳುಮಾಡುತ್ತದೆ: ಪ್ರತಿ ಮಿಲಿಗ್ರಾಂ ಪೆರಾಕ್ಸೈಡ್ ಸುಮಾರು 0.47 ಮಿಲಿಗ್ರಾಂ ಸುಳ್ಳು ಸಿಒಡಿ ತೋರಿಸುತ್ತದೆ. ಪೆರಾಕ್ಸೈಡ್ ಪಟ್ಟಿಯಲ್ಲಿ ಬಣ್ಣ ಬರುವುದು ನಿಂತ ಮೇಲೇ ಮಾದರಿ ಕಳಿಸುವುದು.

ದಿಮ್ಮಿ ತೊಟ್ಟಿಯ ನೀರಿಗೆ ಇಷ್ಟು ಪಾಡಿಲ್ಲ. ತೊಗಟೆ ಜಾಲರಿಯಲ್ಲಿ ನಿಲ್ಲಬೇಕು, ಬಿಸಿ 35 ಡಿಗ್ರಿಗೆ ಇಳಿಯಬೇಕು, ಆಮೇಲೆ ಪಿಎಚ್ 5ರಿಂದ 6ರಲ್ಲಿ ಆಲಂ. ಲೀಟರಿಗೆ 300, 500, 700, 1000 ಮಿಲಿಗ್ರಾಂ ಹಾಕಿದ ನಾಲ್ಕು ಜಾರ್ ಸಾಲಾಗಿಟ್ಟು ನೋಡಿದರೆ ಅಳತೆ ಸಿಗುತ್ತದೆ. ಇಲ್ಲಿ ಕಬ್ಬಿಣದ ಉಪ್ಪು ಹಾಕುವ ಆಸೆ ಬೇಡ: ಮರದ ಟ್ಯಾನಿನ್ ಮತ್ತು ಕಬ್ಬಿಣ ಸೇರಿದರೆ ಹಳೆಯ ಕಾಲದ ಬರೆಯುವ ಶಾಯಿಯೇ ತಯಾರು.

ಎರಡೂ ನೀರು ಸೇರುವುದು ಏರೇಶನ್ ಟ್ಯಾಂಕಿಗೆ (ಗಾಳಿ ಊದಿ ಬ್ಯಾಕ್ಟೀರಿಯಾ ಸಾಕುವ ಟ್ಯಾಂಕು) ಹೋಗುವ ಮುಂಚಿನ, ನೀರನ್ನು ಬೆರೆಸಿ ಸಮಮಾಡುವ ಸಮೀಕರಣ ಟ್ಯಾಂಕಿನಲ್ಲಿ. ಏರೇಶನ್‌ನಲ್ಲಿ ಎಂಎಲ್‌ಎಸ್‌ಎಸ್ (ನೀರಿನಲ್ಲಿ ತೇಲುವ ಜೈವಿಕ ಕೆಸರಿನ ಪ್ರಮಾಣ) ಲೀಟರಿಗೆ 3000ದಿಂದ 4000 ಮಿಲಿಗ್ರಾಂ, ಕರಗಿದ ಆಮ್ಲಜನಕ 2 ಮಿಲಿಗ್ರಾಂ. ಪೋಷಕಾಂಶದ ವಿಷಯದಲ್ಲಿ ರೂಢಿಯ ಬಿಒಡಿ (ಬ್ಯಾಕ್ಟೀರಿಯಾ ಕೊಳೆ ತಿನ್ನಲು ಬೇಕಾಗುವ ಆಮ್ಲಜನಕ), ಸಾರಜನಕ, ರಂಜಕ 100:5:1 ಸೂತ್ರವನ್ನು ಕಣ್ಣುಮುಚ್ಚಿ ಪಾಲಿಸಿದರೆ ಎಡವುತ್ತೀರಿ. ಯೂರಿಯಾ ರಾಳದ ನೀರಿನಲ್ಲಿ ಸಾರಜನಕ ಮೊದಲೇ ಮಿತಿಮೀರಿರುತ್ತದೆ, ಅಲ್ಲಿ ಬೇಕಾದದ್ದು ಬರೀ ಫಾಸ್ಫಾರಿಕ್ ಆಮ್ಲ. ಡಿಎಪಿ ಹಾಕಿದರೆ ಅಮೋನಿಯ ಇನ್ನಷ್ಟು ಏರುತ್ತದೆ. ಆ ಅಮೋನಿಯ ನೈಟ್ರೇಟ್ ಆಗುವಾಗ ಪ್ರತಿ ಮಿಲಿಗ್ರಾಂ ಸಾರಜನಕಕ್ಕೆ 7.14 ಮಿಲಿಗ್ರಾಂ ಕ್ಷಾರೀಯತೆ ತಿನ್ನುತ್ತದೆ, ಪಿಎಚ್ ತಾನಾಗಿ ಕುಸಿಯುವುದು ಅದಕ್ಕೇ. ಫಿನಾಲ್ ರಾಳದ ಘಟಕದಲ್ಲಿ ಉಲ್ಟಾ, ಅಲ್ಲಿ ಯೂರಿಯಾವನ್ನು ನಾವೇ ಹಾಕಬೇಕಾಗುತ್ತದೆ.

ಅಂಟಿನ ನೀರನ್ನು ಮೊದಲ ವಾರ ಒಟ್ಟು ಹರಿವಿನ 2 ಶೇಕಡಾದಷ್ಟು ಮಾತ್ರ ಬಿಟ್ಟು, ಮೂರು ನಾಲ್ಕು ವಾರದಲ್ಲಿ ಏರಿಸುತ್ತೇವೆ. ಫಾರ್ಮಾಲ್ಡಿಹೈಡ್ ಹೊಡೆತ ಬಿದ್ದರೆ ಮೊದಲು ಸುಳಿವು ಕೊಡುವುದು ಆಮ್ಲಜನಕದ ಮೀಟರ್: ಬ್ಲೋವರ್ ಅಷ್ಟೇ ಇದ್ದು ಓದು 2ರಿಂದ 5ಕ್ಕೆ ಜಿಗಿದರೆ ಖುಷಿಪಡಬೇಡಿ, ಉಸಿರಾಡುವ ಜೀವಿಗಳು ನಿಂತುಹೋಗಿವೆ. ಸೂಕ್ಷ್ಮದರ್ಶಕದಲ್ಲಿ ಕಾಂಡದಂಥ ತೊಟ್ಟು ಇರುವ ಗಂಟೆಯಾಕಾರದ ಜೀವಿಗಳು ಮರೆಯಾಗಿರುತ್ತವೆ, ಕೆಸರು ಕೂರಲು 30 ನಿಮಿಷ ಬಿಟ್ಟು ನೋಡುವ ಜಾಡಿಯಲ್ಲಿ ಮೇಲಿನ ನೀರು ಮಬ್ಬಾಗಿರುತ್ತದೆ. ಆಗ ಅಂಟಿನ ನೀರು ಪೂರ್ತಿ ನಿಲ್ಲಿಸಿ, ಗಾಳಿ ಬಿಡುತ್ತಾ, ತೊಟ್ಟಿಯ ನೀರನ್ನಷ್ಟೇ ಕೊಡಬೇಕು. ಇದಕ್ಕಾಗಿ ಅಂಟಿನ ನೀರು ಕನಿಷ್ಠ ಮೂರು ದಿನ ಹಿಡಿಯುವಷ್ಟು ಹೆಚ್ಚುವರಿ ಟ್ಯಾಂಕು ಇರಲೇಬೇಕು.

ಮರಕ್ಕೆ ತಾಮ್ರ-ಕ್ರೋಮ್ ಸಂರಕ್ಷಕ ಹಾಕುವ ಘಟಕ ಪಕ್ಕದಲ್ಲೇ ಇದ್ದರೆ ಅದರ ಒಂದು ಹನಿಯೂ ಈ ಸಾಲಿಗೆ ಬರಕೂಡದು. ರಾಳದ ಗಸಿಯನ್ನು ಫಿಲ್ಟರ್ ಪ್ರೆಸ್ಸಿನಲ್ಲಿ ಹಿಂಡಿ, ಜೈವಿಕ ಕೆಸರಿನಿಂದ ಬೇರೆಯಾಗಿ, ಮುಚ್ಚಿದ ಚೀಲಗಳಲ್ಲಿ ಅಧಿಕೃತ ವಿಲೇವಾರಿಗೆ ಕೊಡುತ್ತೇವೆ. ಬಾಯ್ಲರ್‌ಗೆ ಎಸೆಯುವುದಿಲ್ಲ.